ಒಡೆದ ಕರಟದ ರೇಡಿಯೋ

ಭಾನುವಾರ ಬೆಳಗಿನ ಆರು ಗಂಟೆ. ತುರುವೇಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಉಗ್ರಪ್ಪ ತಮ್ಮ ರೇಡಿಯೋ ರಿಪೇರಿ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದಾರೆ. ಎಂಟಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಬೆಸುಗೆ ಮುಗಿಯಬೇಕು. ದಬ್ಬೇಘಟ್ಟದ ಮೊದಲ ಬಸ್ಸಿನಲ್ಲಿ ಬಂದ ಮೂವರು ಹುಡುಗಿಯರು ಆಗಲೇ ಬೆಂಚಿನ ಮೇಲೆ ಕೂತು ಚೀಲದಿಂದ ತೆಂಗಿನ ಕರಟ ತೆಗೆದಿದ್ದಾರೆ. ಬಾಗಿಲಲ್ಲಿ ಉಗ್ರಪ್ಪನವರ ಹೆಂಡತಿ ಅನಸೂಯಮ್ಮ ಅವರೆಕಾಯಿ ಸುಲಿಯುತ್ತಿದ್ದಾರೆ. ಆಕೆ ಹಾಗೆ ಕೂರುವುದರಿಂದಲೇ ಅಪ್ಪಂದಿರು ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳಿಸುತ್ತಾರೆ.

ಉಗ್ರಪ್ಪನವರಿಗೆ ಐವತ್ತೆರಡು. ಓದಿದ್ದು ಏಳನೇ ಕ್ಲಾಸು. ತಿಪಟೂರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಾ ಕಣ್ಣಲ್ಲೇ ಕಲಿತ ವಿದ್ಯೆ ಇದು. ದಿನಕ್ಕೆ ಆರೇಳು ರೇಡಿಯೋ ಕೈಗೆ ಬರುತ್ತವೆ. ಐದು ವರ್ಷದಲ್ಲಿ ಇಪ್ಪತ್ತಾರು ಹುಡುಗಿಯರು ಇಲ್ಲಿ ಬೆಸುಗೆ ಕಲಿತಿದ್ದಾರೆ. ಕರಟದೊಳಗೆ ಒಂದು ಸೆಲ್ಲು, ಒಂದು ಟ್ರಾನ್ಸಿಸ್ಟರ್, ತಂತಿಯ ಸುರುಳಿ ಕೂರಿಸಿ ಬೆಂಗಳೂರಿನ ವಾರ್ತೆ ಕೇಳುತ್ತಾರೆ. ತರಲೆಗಳಿಗೂ ಕೊರತೆಯಿಲ್ಲ. ಬೋರಮ್ಮ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ, ಅಣ್ಣ ತನ್ನ ಪುಸ್ತಕದ ಚೀಲ ಮುಟ್ಟಿದರೆ ಕಿರುಚುವ ಪೆಟ್ಟಿಗೆ ಮಾಡಿದ್ದಾಳೆ. ಅಣ್ಣ ಈಗ ಅವಳನ್ನು ಕೇಳಿಯೇ ಪೆನ್ನು ತಗೊಳ್ಳುತ್ತಾನಂತೆ.

ಮುಗಿದ ಪ್ರತಿ ಕರಟಕ್ಕೂ ಉಗ್ರಪ್ಪ ಒಂದು ಕೆಂಪು ಬೊಟ್ಟು ಇಡುತ್ತಾರೆ. ಅಂದಕ್ಕೋ ಎಂದು, ಅಂಗಡಿ ನೋಡಲು ಬಂದಿದ್ದ ನಾನು ಕೇಳಿದೆ. ಅವರು ಬೆಸುಗೆ ಕಡ್ಡಿ ಕೆಳಗಿಟ್ಟರು.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಸಿಪ್ಪೆ ಸುಲಿದು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಒಳಗೆ ಗಡಗಡ ಎಂದರೆ ಕೊಬ್ಬರಿ ಕರಟ ಬಿಟ್ಟಿದೆ. ಆಮೇಲೆ ಮಚ್ಚಿನ ಏಟು. ಕೈಗೆ ಅದು ಎಷ್ಟು ರೂಢಿಯೆಂದರೆ ಕಣ್ಣು ನೋಡುವುದೇ ಇಲ್ಲ.

ಆರು ವರ್ಷದ ಹಿಂದೆ ಉಗ್ರಪ್ಪನವರ ಮಗಳು ಚಿಕ್ಕಗಂಗಮ್ಮನಿಗೆ ಹದಿಮೂರು. ಬೆಸುಗೆ ಕಡ್ಡಿ ಮುಟ್ಟಬೇಡ, ಮುಖ ಸುಟ್ಟುಕೊಂಡರೆ ಯಾರು ಮದುವೆಯಾಗುತ್ತಾರೆ ಎಂದು ಅಪ್ಪ ಗದರಿಸಿದ್ದರು. ಅವಳು ಅಂಗಡಿಯ ಕಸದಲ್ಲಿ ಬಿದ್ದ ಬಿಡಿಭಾಗ ಆಯ್ದು, ಅಪ್ಪ ಇಲ್ಲದಾಗ ಕದ್ದು ಬೆಸೆದು ಪುಟ್ಟ ರೇಡಿಯೋ ಮಾಡಿ, ಅದರ ಸುತ್ತ ಕರಟದ ಎರಡು ಹೋಳು ಅರಗಿನಿಂದ ಅಂಟಿಸಿ, ಅಟ್ಟದ ಮೂಲೆಯಲ್ಲಿ ಬಚ್ಚಿಟ್ಟಿದ್ದಳು. ಕೊಬ್ಬರಿ ಬಿಡಿಸುವ ದಿನ ಅದು ಕಾಯಿಗಳ ಜೊತೆ ಉರುಳಿ, ಸುಲಿದ ರಾಶಿಗೆ ಸೇರಿತು. ಉಗ್ರಪ್ಪ ಅಲ್ಲಾಡಿಸಿದರು. ಗಡಗಡ ಎಂದಿತು. ಹೊಡೆದರು.

"ಕೊಬ್ಬರಿ ಬದ್ಲು ತಾಮ್ರದ ತಂತಿ ಈಚೆ ಬಂತು ಕಣ್ರೀ. ಮಗ್ಳು ಬಾಗ್ಲಲ್ಲಿ ನಿಂತಿದ್ಲು. 'ನಿನ್ನೆ ಮಾತಾಡಿತ್ತು ಕಣಪ್ಪ' ಅಂದ್ಲು, ಅಷ್ಟೇ. ಅಳ್ಲಿಲ್ಲ. ನಾನು ತಪ್ಪಾಯ್ತು ಅನ್ಬೇಕಿತ್ತು. ಕಾಯಿ ಇಕ್ಕೋ ಜಾಗದಾಗೆ ಇದನ್ಯಾಕೆ ಇಟ್ಟೆ ಅಂತ ಬೈದೆ. ಅದ್ಕೇ ಈಗ ಬೊಟ್ಟು, ಇನ್ಯಾರೂ ಕಾಯಿ ಅಂತ ಹೊಡೀಬಾರ್ದು."

ಚಿಕ್ಕಗಂಗಮ್ಮ ಮತ್ತೆ ತಂತಿ ಮುಟ್ಟಲಿಲ್ಲ. ಅಪ್ಪನೇ ಕಡ್ಡಿ ಕೊಟ್ಟು ಕರೆದರೂ ಬರಲಿಲ್ಲ. ಹೋದ ವರ್ಷ ಶೆಟ್ಟಿಕೆರೆಗೆ ಮದುವೆಯಾಗಿ ಹೋದಳು. ಕೇಳುತ್ತಾ ಕೂತ ನನಗೆ ನನ್ನ ಮನೆ ನೆನಪಾಯಿತು. ನನಗೂ ಇಬ್ಬರು ಹೆಣ್ಣುಮಕ್ಕಳು. ಒಮ್ಮೆಯಾದರೂ ಅವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟ ನೆನಪಿಲ್ಲ.

ಅಂಗಡಿಯ ಗೋಡೆಗೆ ಆ ಕರಟದ ಎರಡು ಹೋಳು ನೇತಾಡುತ್ತಿವೆ. ಕಿತ್ತುಹೋಗಿದ್ದ ತಂತಿಗಳನ್ನೆಲ್ಲ ಉಗ್ರಪ್ಪ ಜೋಡಿಸಿದ್ದಾರೆ, ಒಂದನ್ನು ಬಿಟ್ಟು. ಅವಳು ಸುರುಳಿ ಸುತ್ತಿದ ಕ್ರಮ ಅವರು ಕಲಿತದ್ದಲ್ಲ. ಉಳಿದ ಆ ಒಂದು ತಂತಿ ಎಲ್ಲಿಗೆ ಸೇರಬೇಕೆಂದು ಆರು ವರ್ಷದಿಂದ ಅವರಿಗೆ ತಿಳಿದಿಲ್ಲ. ತಮ್ಮದೇ ಕ್ರಮದಲ್ಲಿ ಸುತ್ತಿ ಹಾಡಿಸಬಹುದಲ್ಲ ಎಂದೆ.

"ಆವಾಗ ಅದು ನನ್ ರೇಡಿಯೋ ಆಯ್ತದೆ, ಬುಡಿ," ಎಂದರು.

ಗೌರಿ ಹಬ್ಬಕ್ಕೆ ಬಂದಾಗ ಮಗಳು ಗೋಡೆಯನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳಂತೆ. ಎಂಟು ಗಂಟೆಗೆ ಕರೆಂಟು ಹೋಯಿತು. ಹುಡುಗಿಯರು ಕರಟ ಎತ್ತಿಕೊಂಡು ಬಸ್ಸಿಗೆ ಓಡಿದರು. ಉಗ್ರಪ್ಪ ತಣ್ಣಗಾಗುತ್ತಿದ್ದ ಕಡ್ಡಿಯನ್ನು ಒರೆಸುತ್ತಾ ಹೇಳಿದರು:

"ಒಂದಿನ ಅವ್ಳು ಈ ಬೆಂಚಿನ ಮ್ಯಾಲೆ ಕೂತು, ಆ ತಂತಿ ಸೇರಿಸ್ತಾ, 'ಅಯ್ಯೋ, ಇಷ್ಟೂ ಗೊತ್ತಾಗಾಕಿಲ್ವಾ ನಿಂಗೆ' ಅಂತ ನನ್ನ ಬೈಬೇಕು. ಅಷ್ಟು ಸಾಕು."