ಗಂಗಾವತಿಗೆ ಕ್ಯಾಮರಾ ತರಲು ಹೋದದ್ದು

ಯಲಬುರ್ಗಾದಲ್ಲೇ ಬಸ್ಸು ತಪ್ಪಬಹುದಿತ್ತು. ಸಿಕ್ಕರೂ ಕೊಪ್ಪಳದಲ್ಲಿ ಗಂಗಾವತಿಯದೆಂದು ಹೊಸಪೇಟೆಯ ಬಸ್ಸು ಹತ್ತಿ ಕೂತುಬಿಡಬಹುದಿತ್ತು. ಆಧಾರ್ ಕಾರ್ಡು ಮನೆಯಲ್ಲೇ ಉಳಿದು, ಹೆಂಗಸರಿಗೆ ಪುಕ್ಕಟೆಯಿರುವ ಬಸ್ಸಿನಲ್ಲಿ ನಾನೊಬ್ಬಳೇ ರೊಕ್ಕ ಕೊಟ್ಟು ಎಲ್ಲರ ಕಣ್ಣಿಗೆ ಬೀಳಬಹುದಿತ್ತು. ಕ್ಯಾಮರಾ ಮಾರುವವರು ಮನಸ್ಸು ಬದಲಿಸಬಹುದಿತ್ತು. ಕ್ಯಾಮರಾ ಕಾಲುವೆಗೆ ಬೀಳಬಹುದಿತ್ತು, ಅದನ್ನು ಹಿಡಿಯಲು ಹೋಗಿ ನಾನೂ ಬೀಳಬಹುದಿತ್ತು. ನಾನಿಲ್ಲದ ಹೊತ್ತಿನಲ್ಲಿ ನಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಯಾರದೋ ರಕ್ತ ಇನ್ಯಾರದೋ ಹೆಸರಿಗೆ ಸೇರಬಹುದಿತ್ತು. ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ, ಬಸ್ಸು ಊರು ದಾಟುವುದರೊಳಗೆ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಇವುಗಳಲ್ಲಿ ಯಾವುದೂ ಆಗಲಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅರ್ಧ ತಾಲ್ಲೂಕಿನ ರಕ್ತ ನೋಡಿದ್ದೇನೆ. ಆ ಮಂದಿ ಸಂತೆಯಲ್ಲಿ ಎದುರಿಗೆ ಬಂದು ನಮಸ್ಕಾರ ಮಾಡಿದರೆ ಗುರುತು ಹತ್ತುವುದಿಲ್ಲ. ಐವತ್ತು ದಾಟಿದ ಮೇಲೆ ಮುಖಗಳನ್ನು ನೋಡಬೇಕು ಎನ್ನುವ ಆಸೆ ಹುಟ್ಟಿತು. ಅಂಥ ಆಸೆಗೆ ಹಳೆಯ ಕಾರಿನಷ್ಟು ಬೆಲೆಯ ಜರ್ಮನ್ ಕ್ಯಾಮರಾವೇ ಏಕೆ ಬೇಕಾಗಿತ್ತೋ ನನಗೂ ಗೊತ್ತಿಲ್ಲ. "ಮೊಬೈಲ್‌ನ್ಯಾಗ ಕ್ಯಾಮರಾ ಐತೆಲ್ಲ?" ಎಂದು ಯಜಮಾನರು ಒಂದೇ ಸಲ ಕೇಳಿದರು. ನಾನು ಚಹಾ ಮಾಡಲು ಎದ್ದುಹೋಗಿದ್ದೆ.

ಕೊಪ್ಪಳದ ನಿಲ್ದಾಣದಲ್ಲಿ ಹುಲಿಗಿಯ ಅಮ್ಮನ ಗುಡಿಗೆ ಹೋಗುವವರ ಗದ್ದಲ. ಶುಕ್ರವಾರವಾದ್ದರಿಂದ ಹಣ್ಣು-ಕಾಯಿಯ ಚೀಲಗಳೇ ಸೀಟು ಹಿಡಿದಿದ್ದವು. ಗಂಗಾವತಿಯ ಬಸ್ಸೇ ಹೌದೆ ಎಂದು ಕಂಡಕ್ಟರನನ್ನು ಮೂರನೆಯ ಸಲ ಕೇಳಿದಾಗ ಆತ, "ಅಕ್ಕಾರ, ನೀವು ಕುಂದರ್ರಿ. ನಾವಂತೂ ಗಂಗಾವತಿಗೇ ಹೊಂಟೀವಿ," ಎಂದು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಬೋಳು ಗುಡ್ಡಗಳು ಹಿಂದೆ ಸರಿದು, ಯಾರೋ ಹಾಸಿದಂತೆ ಕಾಲುವೆಯ ಬಯಲಿನ ಹಸಿರು ಶುರುವಾಯಿತು.

ಕ್ಯಾಮರಾ ಮಾರಲಿದ್ದ ಖಾಜಾಸಾಬರು ಗಂಗಾವತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಈಗ ಮುಂದಿನ ಕೋಣೆಯಲ್ಲಿ ಅಳಿಯನ ಚಪ್ಪಲಿ ಅಂಗಡಿ ಇದೆ. ಹಿಂದಿನ ಕತ್ತಲೆ ಕೋಣೆಯನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ. ಗಲ್ಫಿನಲ್ಲಿದ್ದ ಅಣ್ಣ ತಂದುಕೊಟ್ಟ ಕ್ಯಾಮರಾವನ್ನು ಬಿಳಿಯ ಪಂಜೆಯಿಂದ ಬಿಚ್ಚಿ ನನ್ನ ಕೈಗಿಟ್ಟರು. ಸಣ್ಣದು, ಆದರೆ ಬೀಸುಕಲ್ಲಿನ ತುಂಡಿನಷ್ಟು ಭಾರ.

ರೇಂಜ್‌ಫೈಂಡರ್ ಎನ್ನುವ ಜಾತಿಯ ಕ್ಯಾಮರಾ ಇದು. ಮೂಲೆಯ ಕಿಂಡಿಗೆ ಕಣ್ಣಿಟ್ಟರೆ ನಡುವೆ ಹಳದಿಯ ಚೌಕವೊಂದು ಕಾಣುತ್ತದೆ. ಚೌಕದೊಳಗೆ ಒಬ್ಬ ಮನುಷ್ಯ ಇಬ್ಬರಾಗಿರುತ್ತಾನೆ, ಒಬ್ಬ ಗಟ್ಟಿ, ಒಬ್ಬ ಹೊಗೆಯಂಥವನು. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಹೊಗೆಯವನು ತೇಲಿ ಬಂದು ಗಟ್ಟಿಯವನೊಳಗೆ ಸೇರಿಕೊಳ್ಳುತ್ತಾನೆ. ಆಗ ಒತ್ತಬೇಕು.

"ಶೋಕೇಸಿನ್ಯಾಗ ಇಡ್ತೀವಿ ಅನ್ನೋರು ಬಂದಿದ್ರು, ಕೊಡಲಿಲ್ಲ," ಎಂದರು ಖಾಜಾಸಾಬರು. "ನೀವು ಒಂದು ರೀಲ್ ಹೊಡಕೊಂಡು ಬರ್ರಿ ಬಾಯಾರ. ಗುಡಿ, ಗುಡ್ಡ ಬ್ಯಾಡ. ಮಂದೀನ ತೆಗೀರಿ. ತೊಳದು ನೋಡ್ತೀನಿ. ಆಮ್ಯಾಲ ಕೊಡೋ ಮಾತು."

"ಚಾಚಾ, ನನ್ನ ಕೈಯಾಗ ಕಳದು ಹ್ವಾದ್ರ?"

"ಕಳೆಯೋರು ಮೊದ್ಲ ಹಿಂಗ ಕೇಳಂಗಿಲ್ರಿ."

ಕೊಳ್ಳಲು ಹೋದವಳು ಪರೀಕ್ಷೆಗೆ ಕೂತಂತಾಯಿತು. ಕ್ಯಾಮರಾ ಇನ್ನೂ ನನ್ನದಲ್ಲ ಎಂದು ಗೊತ್ತಾದ ಕ್ಷಣದಿಂದ ಅದರ ಮೇಲಿನ ಆಸೆ ಮೈತುಂಬ ಏರಿತು.

ಸಂಜೆ ಅದೇ ಊರಿನಲ್ಲಿದ್ದ ತಂಗಿ ಶಾಂತಾಳ ಮನೆಯಲ್ಲಿ ಉಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಿಂಡಿಗೆ ಕಣ್ಣಿಟ್ಟು ಅಭ್ಯಾಸ ಮಾಡುತ್ತಿದ್ದೆ. ರೊಟ್ಟಿ ಎರಡು ಕಾಣುತ್ತವೆ, ಒಂದಾಗುತ್ತಲೇ ಇಲ್ಲ ಎಂದು ಗೋಳಾಡಿದೆ. "ಎರಡು ಕಂಡ್ರ ಛಲೋನ ಆತಲ್ಲಕ್ಕಾ. ಒಂದು ನೀ ತಿನ್ನು, ಇನ್ನೊಂದು ನಮ್ಮನಿಯವ್ರಿಗೆ ಹಾಕ್ತೀನಿ," ಎಂದಳು. ಗೋಡೆಯಾಚೆ ಊಟಕ್ಕೆ ಕೂತಿದ್ದ ಆಕೆಯ ಗಂಡ ಕೆಮ್ಮಿದ.

ಮರುದಿನ ಬೆಳಗಿನ ಸಿಂಧನೂರು ಬಸ್ಸು ಹತ್ತಿ ಮರಳಿ ಎನ್ನುವ ಹಳ್ಳಿಯಲ್ಲಿ ಇಳಿದೆ. ಮಂಜು ಎಷ್ಟಿತ್ತೆಂದರೆ ಬಸ್ಸು ಹೊರಟು ನಾಲ್ಕು ಮಾರು ಹೋಗುವಷ್ಟರಲ್ಲಿ ಅದರ ಸದ್ದು ಮಾತ್ರ ಉಳಿಯಿತು. ಕಾಲುವೆಯ ನೀರು ಕಾಣಲಿಲ್ಲ, ಹರಿಯುವುದು ಕೇಳಿಸುತ್ತಿತ್ತು. ಗದ್ದೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವೋ ತಿಳಿಯುತ್ತಿರಲಿಲ್ಲ. ಆ ಬಿಳುಪಿನೊಳಗೆ ಸೊಂಟ ಬಾಗಿಸಿ ಭತ್ತ ನಾಟಿ ಮಾಡುತ್ತಿದ್ದ ಹೆಂಗಸರು ನೀರಿನ ಮೇಲೆ ನಡೆಯುತ್ತಿದ್ದಾರೇನೋ ಎನಿಸುವಂತೆ ಹಿಂದಕ್ಕೆ ಸರಿಯುತ್ತಿದ್ದರು. ಬದುವಿನ ಮೇಲೆ ಹೆಜ್ಜೆ ಅಳೆದಿಡುತ್ತ ಹೋದೆ.

"ಹಾಜರಿ ಫೋಟೋ ಏನ್ರಿ?" ಎಂದು ಕೂಗಿದವಳು ಗುಂಪಿನ ಹಿರಿಯಳು, ದುರ್ಗಮ್ಮ. ಉದ್ಯೋಗ ಖಾತರಿಯ ಕೆಲಸದಲ್ಲಿ ದಿನಾ ಮೊಬೈಲಿನಲ್ಲಿ ಹಾಜರಿಯ ಚಿತ್ರ ತೆಗೆಯುತ್ತಾರೆ, ಇವರಿಗೆ ಅದೇ ರೂಢಿ. ನಾನು ಬಾಯಿ ತೆರೆಯುವುದರೊಳಗೆ ಅಷ್ಟೂ ಮಂದಿ ಕೆಸರಲ್ಲೇ ಸಾಲಾಗಿ, ಕೈ ಕೆಳಗೆ ಬಿಟ್ಟು, ಉಸಿರು ಹಿಡಿದು ನಿಂತುಬಿಟ್ಟರು. ಒಂದು ಮುಖದ ಮೇಲೂ ಮುಖ ಇರಲಿಲ್ಲ.

"ಹಾಜರಿ ಅಲ್ಲವ್ವಾ. ನಾ ಸುಮ್ಮ ಕಲ್ಯಾಕ ಬಂದೀನಿ," ಎಂದೆ.

"ಈ ವಯಸ್ಸಿನ್ಯಾಗ?" ಎಂದು ಯಾರೋ ನಕ್ಕರು. ಸಾಲು ಒಡೆಯಿತು, ಮತ್ತೆ ಬಾಗಿದರು.

ನಾನು ಕಿಂಡಿಗೆ ಕಣ್ಣಿಟ್ಟೆ. ಹಳದಿ ಚೌಕದಲ್ಲಿ ಇಬ್ಬರು ದುರ್ಗಮ್ಮಂದಿರು. ಬಳೆ ತಿರುಗಿಸಿದೆ, ಹೊಗೆಯ ದುರ್ಗಮ್ಮ ಮಂಜಿನಲ್ಲಿ ತೇಲುತ್ತ ಬಂದು, ಗಟ್ಟಿಯವಳನ್ನು ದಾಟಿ ಆಚೆಗೆ ಹೋದಳು. ಹಿಂದಕ್ಕೆ ಕರೆದೆ. ಬಂದಳು. ಅಷ್ಟರಲ್ಲಿ ಗಟ್ಟಿಯವಳು ಒಂದು ಹೆಜ್ಜೆ ಸರಿದಳು. ಪ್ರಯೋಗಾಲಯದ ಗಾಜಿನ ಮೇಲೆ ರಕ್ತದ ಕಣ ಹೀಗೆ ಓಡಾಡುವುದಿಲ್ಲ. ಬೆರಳು ಮರಗಟ್ಟಿದವು, ಹೊತ್ತು ಎಷ್ಟಾಯಿತೋ ತಿಳಿಯಲಿಲ್ಲ. ನನ್ನ ಎದೆಯೊಳಗೆ ಚಿಂತೆ ಇರಬೇಕಾದ ಜಾಗ ಖಾಲಿ ಇತ್ತು. ಇಂಥದ್ದು ಅಪರೂಪ.

"ಏನವ್ವಾ, ಫೋಟೋ ತೆಗಿತಿಯೋ, ನನ್ನ ಹೆಣ್ಣು ನೋಡಾಕ ಬಂದಿಯೋ?" ದುರ್ಗಮ್ಮ ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿ ಸಸಿಯ ಕಂತೆ ಎತ್ತಿ ಗದರಿದಳು. ಆ ಕ್ಷಣಕ್ಕೆ ಇಬ್ಬರೂ ಒಂದಾದರು. ಒತ್ತಿದೆ.

ಅಲ್ಲಿಂದ ಸಿದ್ದಾಪುರಕ್ಕೆ ಹೋಗಿ, ಅಕ್ಕಿ ಗಿರಣಿಯ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆ. ಮಿರ್ಚಿ ಕರಿಯುವವನನ್ನು ಕೇಳಿ ಅವನದೂ ಚಿತ್ರ ತೆಗೆದೆ. ಎಣ್ಣೆಯ ಹೊಗೆಯಲ್ಲಿ ಅವನೂ ಇಬ್ಬರಾಗಿ, ಒಬ್ಬನಾದ. ರೀಲು ಮುಗಿದಾಗ ಮಂಜು ಹರಿದು ಬಿಸಿಲು ಬಂದಿತ್ತು, ಜೊತೆಗೆ ನನ್ನ ಚಿಂತೆಯೂ. ಎಲ್ಲವೂ ಮಸುಕಾಗಿದ್ದರೆ?

ಗಂಗಾವತಿಯಲ್ಲಿ ಖಾಜಾಸಾಬರು ರೀಲನ್ನು ಕತ್ತಲೆ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡರು. ನಾನು ಚಪ್ಪಲಿಗಳ ನಡುವೆ ಕೂತು ಬೇಡವಾದ ಒಂದು ಜೋಡು ಕೊಂಡೆ. ಮಧ್ಯಾಹ್ನದ ನಂತರ ಒಣಗಿದ ನೆಗೆಟಿವ್ ಹಿಡಿದು ಅವರು ಕಿಟಕಿಗೆ ಬಂದರು. ಒಂದೊಂದೇ ಸರಿಸುತ್ತ, "ಇದು ಹೋತು. ಇದೂ ಹೋತು. ಇಲ್ಲಿ ಕೈ ಅಳ್ಳಾಡೇತಿ," ಎನ್ನುತ್ತಿದ್ದರು. ಆಮೇಲೆ ಒಂದರ ಮೇಲೆ ಭೂತಗನ್ನಡಿ ನಿಲ್ಲಿಸಿದರು.

"ಈಕಿ ನಿಮಗ ಬೈಯಾಕತ್ಯಾಳಲ್ರಿ?"

"ಹೌದ್ರಿ ಚಾಚಾ."

"ಆಕಿ ಬೈಯೋಮಟ ಅಲ್ಲೇ ನಿಂತಿದ್ರಿ?"

"ನಿಂತಿದ್ದೆ."

"ಹಂಗಾರ ಇದು ನಿಮ್ದು," ಎಂದು ನಾನು ಕೊಟ್ಟ ರೊಕ್ಕ ತೆಗೆದಿಟ್ಟು, ಕ್ಯಾಮರಾ ಒರೆಸಿ, ಹೊಸ ರೀಲು ಹಾಕಿ ಎರಡೂ ಕೈಯಲ್ಲಿ ಕೊಟ್ಟರು.

ಮೊದಲ ಚಿತ್ರ ಅವರದೇ ಆಗಬೇಕೆಂದು ಹಟ ಹಿಡಿದೆ. ಟೋಪಿ ಸರಿಮಾಡಿಕೊಂಡು ಹೊಸ್ತಿಲ ಮೇಲೆ ಕೂತರು. ಸಂಜೆಯ ಬೆಳಕು ಅವರ ಬಿಳಿಯ ಗಡ್ಡದೊಳಗೆ ಇಳಿದಿತ್ತು. ಈ ಸಲ ನಾನು ಅವಸರ ಮಾಡಲಿಲ್ಲ. ರೆಪ್ಪೆಯ ಮೇಲೆ ರೆಪ್ಪೆ, ಸುಕ್ಕಿನ ಮೇಲೆ ಸುಕ್ಕು ಕೂರುವವರೆಗೆ ನೋಡಿದೆ. ಅವರು ಮಿಸುಕದೆ ನನ್ನತ್ತ ನೋಡುತ್ತ ಸಣ್ಣಗೆ ನಗುತ್ತಿದ್ದರು. ಅಷ್ಟು ಹೊತ್ತು ಒಂದು ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಒತ್ತಿದೆ.

ಹಿಂತಿರುಗುವಾಗ ಕುಷ್ಟಗಿಯ ಮೇಲೆ ಬಂದೆ. ಅಲ್ಲಿ ಯಲಬುರ್ಗಾದ ಬಸ್ಸಿಗೆ ಕಾಯುತ್ತ, ಕ್ಯಾಮರಾ ಇದೆಯೋ ಇಲ್ಲವೋ ಎಂದು ಚೀಲ ತೆರೆದೆ. ಇತ್ತು. ಲೆನ್ಸಿನ ಮೇಲೆ ಕರಿಯ ಮುಚ್ಚಳವೂ ಇತ್ತು. ಒರೆಸಿ ಕೊಡುವಾಗ ಅವರು ಹಾಕಿದ್ದು, ನಾನು ತೆಗೆದಿರಲೇ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಏನಾದರೂ ಅಡ್ಡ ಬಂದರೆ ಕಣ್ಣಿಗೇ ಕತ್ತಲಾಗುತ್ತದೆ. ಇಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ನನಗೆ ಅವರು ನಿಚ್ಚಳವಾಗಿ ಕಂಡಿದ್ದರು, ರೀಲಿಗೆ ಏನೂ ಕಂಡಿರಲಿಲ್ಲ. ಆದರೆ ಎದುರಿಗೆ ಕೂತವರಿಗೆ ಆ ಮುಚ್ಚಳ ಕಾಣದೆ ಇರುತ್ತದೆಯೆ? ಫೋನ್ ಮಾಡಿದೆ.

"ಕಂಡಿತ್ರಿ ಬಾಯಾರ," ಎಂದರು.

"ಮತ್ತ ಹೇಳಬಾರದೇನ್ರಿ ಚಾಚಾ?"

"ಆ ಕಿಂಡ್ಯಾಗ ನಾ ಭಾಳ ಮಂದೀನ ನೋಡೀನ್ರಿ. ನನ್ನ ಯಾರೂ ಅಷ್ಟೊತ್ತು ನೋಡಿದ್ದಿಲ್ಲ. ನಡುವ ಯಾಕ ಮಾತಾಡ್ಲಿ ಅಂತ ಸುಮ್ಮ ಕುಂತೆ."