ಬ್ಯಾಂಕಿನಲ್ಲಿ ಹೇಳಿದ ಒಡಪು

ಬ್ಯಾಂಕಿನ ಆಪಾಳ ಎಡಗಿವಿಯ ಮೇಲೆ, ಸೆರಗಿನಡಿಯಿಂದ ಒಂದು ನೀಲಿ ಪೆನ್ನು ಸದಾ ಇಣುಕುತ್ತಿತ್ತು. ಅವಳು ಮಾತಾಡುವಾಗ ಅದೂ ತಲೆಯಾಡಿಸುತ್ತಿತ್ತು. ಕಮತಗಿಯಿಂದ ನಮ್ಮೂರಿಗೆ ಬಂದು, ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು ಕೂತರೆ ಅದೇ ನಮ್ಮ ಬ್ಯಾಂಕು. ಖಾತೆ ತೆಗೆಯಲು ಹಿಂಜರಿಯುವ ಹೆಂಗಸರನ್ನು, "ರೊಕ್ಕ ನಿಮ್ಮದು, ಅಂಜೂದು ಯಾಕ?" ಎಂದು ಗದರುತ್ತಿದ್ದಳು.

ತವರಿನವರು ಕೊಟ್ಟ ತುಂಡು ಹೊಲದಲ್ಲಿ ಅವ್ವ ಉಳ್ಳಾಗಡ್ಡಿ ಬೆಳೆಯುತ್ತಿದ್ದಳು. ಬೀಜದ ಸಾಲಕ್ಕೆ ಬಾಗಲಕೋಟೆಯ ಅಡತಿ ಅಂಗಡಿಯ ದಲ್ಲಾಳಿಯೇ ಗತಿ. ಬೆಳೆದದ್ದನ್ನೂ ಅವನಿಗೇ, ಅವನು ಹೇಳಿದ ದರಕ್ಕೇ ಹಾಕಬೇಕು. ಈ ಸಲ ಬೆಳೆಸಾಲ ಕೊಡಿಸಿಯೇ ತೀರುತ್ತೇನೆಂದು ಆಪಾ ನಮ್ಮಿಬ್ಬರನ್ನು ಹುನಗುಂದದ ದೊಡ್ಡ ಬ್ಯಾಂಕಿಗೆ ಕರೆದೊಯ್ದಳು.

ಮ್ಯಾನೇಜರು ಮೈಸೂರು ಕಡೆಯವರು, ಹೊಸಬರು. "ನಿಮ್ಮ ಯಜಮಾನರ ಹೆಸರು ಹೇಳಿಯಮ್ಮ" ಎಂದರು. ಅವ್ವ ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು. ಮತ್ತೆ ಕೇಳಿದರೆ, "ನಮ್ಮ ಮನಿಯವ್ರು" ಎಂದಳು. ನಾನು ಬಾಯಿ ತೆರೆದೆ. "ಅವರೇ ಹೇಳಲಿ" ಎಂದು ತಡೆದರು. "ಗಂಡನ ಹೆಸರೇ ಗೊತ್ತಿಲ್ಲದಿದ್ದರೆ ಈ ಹೊಲ ಇವರದೇ ಅಂತ ಹೇಗೆ ನಂಬಲಿ?" ಎಂದು ಕಾಗದ ವಾಪಸು ತಳ್ಳಿದರು. ಬಿತ್ತುವ ಹೊತ್ತು ಬಂದಿತ್ತು. ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಲ್ಲ!

ಆಪಾ ನಕ್ಕೇಬಿಟ್ಟಳು. "ಸಾಹೇಬ್ರ, ನಮ್ಮ ಕಡೆ ಗಂಡನ ಹೆಸರು ಹಂಗ ಹೇಳಂಗಿಲ್ರಿ. ಒಡಪು ಕಟ್ಟಿ, ಅದರಾಗ ಸೇರಿಸಿ ಹೇಳ್ತಾರ." ಅವ್ವನತ್ತ ತಿರುಗಿ, "ಯಕ್ಕಾ, ಮದಿವ್ಯಾಗ ಹೇಳಿದ್ದಿಲ್ಲ? ಅದನ್ನ ಹೇಳಿಬಿಡು" ಎಂದಳು.

ಅವ್ವ ಬಾಯಿಗೆ ಸೆರಗಿಟ್ಟುಕೊಂಡು ಗೋಡೆಗೆ ಹೇಳಿದಳು: "ಇಳಕಲ್ ಸೀರಿಗಿ ಕೆಂಪು ಸೆರಗ, ಸಂಗಪ್ಪನವರು ಅದಾರ ನನ್ನ ಮನಸಿನೊಳಗ."

ಕ್ಯಾಶಿಯರು ಚಪ್ಪಾಳೆ ತಟ್ಟಿದರು. ಮ್ಯಾನೇಜರು ನಗುತ್ತಾ ಇನ್ನೊಮ್ಮೆ ಹೇಳಿಸಿ ಸಹಿ ಹಾಕಿದರು.

ಮರಳುವಾಗ ಬಸ್ಸಿನಲ್ಲಿ ಅವ್ವ ಆಪಾಳನ್ನು ತಿವಿದಳು: "ನನ್ನ ಬಾಯಿ ಬಿಡಿಸಿದಿ, ಈಗ ನೀನೂ ನಿನ್ನ ಒಡಪು ಹೇಳು." ಆಪಾ ಬಗ್ಗಿ ಅವ್ವನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಹುಡುಗಿಯರ ಹಾಗೆ ನಕ್ಕರು. ನನಗೆ ಮಾತ್ರ ಹೇಳಲಿಲ್ಲ. ಆ ವರ್ಷ ಅವ್ವ ಉಳ್ಳಾಗಡ್ಡಿಯನ್ನು ತನಗೆ ಬೇಕಾದ ಕಡೆ ಮಾರಿದಳು. ಈಗಲೂ ಹಾಗೇ ಮಾರುತ್ತಾಳೆ.

ಹೋದ ವರ್ಷ ಆಪಾ ತೀರಿಕೊಂಡಳು. ಅವ್ವನೂ ನಾನೂ ಮಾತಾಡಿಸಲು ಹೋದಾಗ ಅವಳ ಗಂಡ, "ಊರ ಮಂದಿ ಹೆಸರೆಲ್ಲಾ ಬರಕೊಂಡಾಕಿ, ಅಕ್ಕಾರ. ನನ್ನ ಹೆಸರು ಒಂದ್ ಸಲನೂ ಹೇಳಲಿಲ್ಲ" ಎಂದು ಕಣ್ಣೊರೆಸಿಕೊಂಡರು.

"ಹೇಳ್ಯಾಳ್ರಿ," ಎಂದಳು ಅವ್ವ. "ಬಸ್ಸಿನ್ಯಾಗ, ನನ್ನ ಕಿವ್ಯಾಗ."

ಬಾಯಿಗೆ ಸೆರಗಿಟ್ಟುಕೊಂಡು, ಅವ್ವ ಆ ಒಡಪನ್ನು ಅವರಿಗೆ ಒಪ್ಪಿಸಿದಳು. ಅವರು ಇನ್ನೊಮ್ಮೆ ಹೇಳಿಸಿಕೊಂಡರು.