ಎದುರು ಸುತ್ತು

ಓಡುವವರು ಎಡಕ್ಕೇ ತಿರುಗಬೇಕು ಎಂದು ಮೈಸೂರಿನ ಕಾಲೇಜು ಮೈದಾನದಲ್ಲಿ ನನಗೆ ಕಲಿಸಿದ್ದರು. ಆ ಅಭ್ಯಾಸವನ್ನೇ ಮದರಾಸಿಗೂ ಕಟ್ಟಿಕೊಂಡು ಬಂದೆ. ತೊಂಬತ್ತೊಂಬತ್ತರ ಮಾತು. ಅಂಬತ್ತೂರಿನ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ, ವೆಸ್ಟ್ ಮಾಂಬಲಂನ ಓಣಿಯಲ್ಲಿ ಮಹಡಿಯ ಮೇಲೊಂದು ಕೋಣೆ. ಬೆಳಿಗ್ಗೆ ಎದ್ದವಳೇ ಸ್ಟೇಷನ್ನಿನ ಮೇಲ್ಸೇತುವೆ ದಾಟಿ ಆಚೆ ಬದಿಯ ಪಾರ್ಕಿಗೆ ಹೋಗುತ್ತಿದ್ದೆ. ಬ್ರಿಟಿಷರ ಕಾಲದ ಪಾರ್ಕು. ಮುದಿ ಮರಗಳ ಕೊಂಬೆಗಳು ಒಂದಕ್ಕೊಂದು ಕೂಡಿಕೊಂಡು, ಬೆಳಕು ಹರಿದ ಮೇಲೂ ಕೆಳಗಿನ ದಾರಿ ಮಬ್ಬಾಗಿಯೇ ಇರುತ್ತಿತ್ತು. ನಟ್ಟನಡುವೆ ಅರಳಿಮರ, ಅದರ ಬುಡದಲ್ಲಿ ಪುಟ್ಟ ಪಿಳ್ಳೆಯಾರ್, ಅಂದರೆ ನಮ್ಮ ಗಣಪತಿ. ನಡೆಯುವ ದಾರಿ ಅದನ್ನೇ ದೊಡ್ಡದಾಗಿ ಬಳಸಿಕೊಂಡು ಬರುತ್ತಿತ್ತು.

ಬೋರ್ಡೇನೂ ಇರಲಿಲ್ಲ. ನಡುವೆ ದೇವರಿದ್ದಾನಲ್ಲ, ಹಾಗಾಗಿ ಎಲ್ಲರೂ ಪ್ರದಕ್ಷಿಣೆಯಾಗಿಯೇ ಸುತ್ತುತ್ತಿದ್ದರು. ಒಂಬತ್ತು ಗಜದ ಸೀರೆಗೆ ಕ್ಯಾನ್ವಾಸ್ ಶೂ ಹಾಕಿದ ಮಾಮಿಯೊಬ್ಬರು ಸುತ್ತು ಮುಗಿದಾಗಲೆಲ್ಲ ಅರಳಿಮರದ ಕಡೆ ತಿರುಗಿ ಹಣೆಗೆ ಮೆಲ್ಲಗೆ ಗುದ್ದಿಕೊಂಡು ಗಣಪತಿಗೆ ನಮಸ್ಕರಿಸುತ್ತಿದ್ದರು. ಎಡಕ್ಕೆ ತಿರುಗುವ ನಾನೊಬ್ಬಳೇ ಎದುರು ಸುತ್ತು. ಮೊದಮೊದಲು ಗೊತ್ತಿಲ್ಲದೆ, ಆಮೇಲೆ ಗೊತ್ತಿದ್ದೂ. ಎದುರಿನಿಂದ ಓಡಿದರೆ ಪ್ರತಿ ಸುತ್ತಿನಲ್ಲೂ ಎಲ್ಲರ ಮುಖ ಸಿಗುತ್ತದೆ. ಆಫೀಸಿನಲ್ಲಿ ನನ್ನ ಮುರುಕು ತಮಿಳಿಗೆ ಉತ್ತರ ಕೊಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೋಣೆಯಲ್ಲಿ ಗೋಡೆ ಮಾತಾಡುತ್ತಿರಲಿಲ್ಲ. ಊರಿನಲ್ಲಿ ಬಾಯಿಬಡುಕಿ ಎಂದು ಹೆಸರು ಪಡೆದಿದ್ದವಳು ನಾನು. ಒಂದು ದಿನ ನಾನು ಬರದಿದ್ದರೆ ‘ಆ ಹುಡುಗಿ ಎಲ್ಲಿ’ ಎಂದು ಒಬ್ಬರಾದರೂ ಕೇಳಬೇಕು, ಅಷ್ಟೇ ನನ್ನ ಆಸೆ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ಆಸೆ.

ಎದುರು ಬರುವವರಲ್ಲಿ ಒಬ್ಬ ಅಜ್ಜ ಇದ್ದರು. ಬಿಳಿ ಪಂಚೆ, ಕಿವಿ ಮುಚ್ಚುವ ಉಲ್ಲನ್ ಟೋಪಿ, ಬಾಯಲ್ಲಿ ಸದಾ ದಾಸರ ಪದದ ಗುನುಗು. ಹಾದುಹೋಗುವಾಗ ನನಗೆ ನಾಲ್ಕು ಪದ ಕೇಳಿಸುತ್ತಿದ್ದವು, ಮುಂದಿನ ಸಲ ಇನ್ನು ನಾಲ್ಕು. ಕನ್ನಡ! ಎಷ್ಟೋ ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮನೆತನದವರಿರಬೇಕು ಅಂದುಕೊಂಡೆ. ನಾಲ್ಕು ತಿಂಗಳು ಹೀಗೆ ಕದ್ದು ಕೇಳಿದೆ, ಮಾತಾಡಿಸುವ ಧೈರ್ಯ ಮಾತ್ರ ಬರಲಿಲ್ಲ.

ಕೊನೆಗೆ ಅವರೇ ಒಂದು ಬೆಳಿಗ್ಗೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. “ಏಮ್ಮಾ, ಪಿಳ್ಳೆಯಾರುಕ್ಕು ಅಪ್ರದಕ್ಷಿಣಮಾ ಓಡ್ರಿಯೇ!” ಎಂದು, ಗಣಪತಿಗೆ ಅಪ್ರದಕ್ಷಿಣೆಯಾಗಿ ಓಡುತ್ತೀಯಲ್ಲ ಎಂದು, ತಮಿಳಿನಲ್ಲಿ ಗದರಿದರು.

ನನಗೆ ರೇಗಿತು. “ಇದು ಪಾರ್ಕು ಸ್ವಾಮಿ, ದೇವಸ್ಥಾನ ಅಲ್ಲ. ನನ್ನ ಕಾಲು, ನನ್ನಿಷ್ಟ” ಅಂದುಬಿಟ್ಟೆ, ಕನ್ನಡದಲ್ಲೇ. ಕಾದು ಕಾದು ಸಿಕ್ಕ ಮೊದಲ ಮಾತನ್ನು ಜಗಳಕ್ಕೆ ಖರ್ಚು ಮಾಡಿದ್ದೆ.

ಅವರ ಕಣ್ಣು ಅರಳಿತು. “ಅಯ್ಯೋ, ಕನ್ನಡವಾ! ಯಾವೂರಮ್ಮಾ? ಇಷ್ಟು ಕೋಪವಾ? ಇರಲಿ, ಮೊದಲು ನೇರಾ ಸುತ್ತು ಬಾ. ಆಮೇಲೆ ಪೇಸೋಣ” ಎಂದು ನಗುತ್ತಾ ಮುಂದೆ ಹೋದರು. ‘ಪೇಸೋಣ’ ಅಂದರೆ ಮಾತಾಡೋಣ. ತಮಿಳಿನ ಮಾತಿಗೆ ನಮ್ಮ ಬಾಲ ಕಟ್ಟಿದ್ದರು.

ಮಾರನೆಯ ದಿನದಿಂದ ನೇರ ಸುತ್ತಿಗೆ ತಿರುಗಿದೆ. ಅವರ ಮಾತು ಕೇಳಿದ್ದೇನೆಂದು ಅವರಿಗೆ ಗೊತ್ತಾಗಲಿ ಎಂಬುದೇ ಉದ್ದೇಶ. ಆದರೆ ದಾರಿ ಕಿರಿದು. ಜನರ ನಡುವೆ ನುಗ್ಗಲಾಗದೆ ಅವರ ನಡಿಗೆಗೇ ಇಳಿಯಬೇಕಾಯಿತು. ಈಗ ನನಗೆ ಸಿಕ್ಕಿದ್ದು ಬರೀ ಬೆನ್ನುಗಳು. ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿಗೆ ಎಲ್ಲ ಅಜ್ಜಂದಿರೂ ಅದೇ ಟೋಪಿ ಹಾಕಿಕೊಂಡಿದ್ದರು. ಅಜ್ಜ ಮುಂದೆಲ್ಲೋ ಅರ್ಧ ಸುತ್ತಿನಾಚೆ ಇದ್ದಾರೆ, ನಾಳೆ ಸಿಕ್ಕಾರು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಮೂರು ವಾರ ಕಳೆಯಿತು.

ಅಷ್ಟರಲ್ಲಿ ಹನ್ನೆರಡರ ಸುಮಾರಿನ ಹುಡುಗಿಯೊಬ್ಬಳು ಗೇಟಿನ ಹತ್ತಿರ ಕಾಣಿಸತೊಡಗಿದಳು. ಸ್ಕೂಲ್ ಯೂನಿಫಾರ್ಮಿನಲ್ಲೇ ಬಂದು, ಎಲ್ಲರೂ ಹೋಗುವ ದಿಕ್ಕಿಗೆ ಕತ್ತು ಚಾಚಿ, ಅತ್ತಲಿಂದ ಯಾರೋ ಬರುವವರಿದ್ದಾರೆ ಎಂಬಂತೆ ನಿಂತಿರುತ್ತಿದ್ದಳು. ನಾಲ್ಕು ದಿನ ಅವಳ ಪಕ್ಕದಲ್ಲೇ ಹಾದುಹೋದೆ. ಐದನೆಯ ದಿನ ಅವಳು ನನ್ನನ್ನೇ ಕೇಳಿದಳು.

“ಅಕ್ಕಾ, ಇಂಗ ರಿವರ್ಸ್‌ಲ ಓಡುವಾಂಗಳೇ ಒರು ಅಕ್ಕಾ, ಅವಂಗ ಇಪ್ಪೋ ವರ್ರದಿಲ್ಲಿಯಾ?” ಎದುರು ಓಡುವ ಅಕ್ಕ ಈಗ ಬರುವುದಿಲ್ಲವೇ ಎಂದು.

“ನಾನೇ ಅವಳು. ಯಾಕಮ್ಮ?” ಅಂದೆ.

ಕನ್ನಡ ಅವಳಿಗೆ ಅರ್ಥವಾಯಿತು, ಉತ್ತರ ಮಾತ್ರ ತಮಿಳಿನಲ್ಲಿ ಬಂತು. ಅವಳ ತಾತ, ಅದೇ ದಾಸರ ಪದದ ಅಜ್ಜ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಇಪ್ಪತ್ತು ದಿನವಾಗಿತ್ತಂತೆ. ಮನೆಯಲ್ಲಿ ಯಾರೂ ಕನ್ನಡದಲ್ಲಿ ಜಗಳವಾಡುವವರಿಲ್ಲ, ಆ ಕೋಪದ ಹುಡುಗಿಯನ್ನು ಕರೆದುಕೊಂಡು ಬಾ ಎಂದು ಹಟ ಹಿಡಿದಿದ್ದರಂತೆ. ಅಂಥವಳು ಯಾರೂ ಬರುವುದಿಲ್ಲ ಎಂದು ಇವಳು ದಿನವೂ ಹೋಗಿ ಹೇಳಿದ್ದಾಳೆ. ನಿನ್ನೆ ಅತ್ತೆ ಬಂದು ತಾತನನ್ನು ತಿರುಚ್ಚಿಗೆ ಕರೆದುಕೊಂಡು ಹೋದರು, ಇನ್ನು ಅಲ್ಲೇ ಇರುತ್ತಾರೆ, ಆದರೂ ಇನ್ನೊಂದು ಸಲ ನೋಡಿ ಬಾ ಎಂದು ಹೇಳಿಹೋಗಿದ್ದಾರೆ ಎಂದಳು. ಹೊರಡುವಾಗ ಅವರು ಅಂದದ್ದನ್ನು ಮಾತ್ರ ಕನ್ನಡದಲ್ಲೇ, ಒಪ್ಪಿಸುವ ಹಾಗೆ ಹೇಳಿದಳು: “ನಾನು ಬೈದುಬಿಟ್ಟೆ, ಪಾಪ, ಅದಕ್ಕೇ ಅವಳು ಬರೋದು ಬಿಟ್ಟಳು.”

“ಬಿಟ್ಟಿಲ್ಲ ಅಂತ ಹೇಳು. ಅವರು ಹೇಳಿದ ಹಾಗೆ ತಿರುಗಿದ್ದೆ ಅಂತ ಹೇಳು” ಅಂದೆ. ಅವಳು ತಲೆಯಾಡಿಸಿ ಸ್ಕೂಲಿಗೆ ಓಡಿದಳು. ಹೇಳಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅರಳಿಮರದ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಒಬ್ಬರು ನನ್ನನ್ನು ಕೇಳಿದ್ದರು, ದಿನವೂ ಕೇಳಿದ್ದರು, ಅವರ ಕಣ್ಣಿಗೆ ಒಳ್ಳೆಯವಳಾಗಲು ಹೋಗಿ ನಾನು ಸಿಗದಂತಾಗಿದ್ದೆ.

ಮರುದಿನ ಮತ್ತೆ ಎದುರು ಸುತ್ತು ಹಿಡಿದೆ. ಮಾಮಿ ಕೈಯೆತ್ತಿ ಗದರಿದರು. “ತೆರಿಯುಂ ಮಾಮಿ” ಅಂದೆ, ಗೊತ್ತು ಎಂದು. ಆಮೇಲೆ ಒಂಬತ್ತು ವರ್ಷ ಆ ಊರಿನಲ್ಲಿದ್ದೆ, ಒಂದು ದಿನವೂ ದಿಕ್ಕು ಬದಲಿಸಲಿಲ್ಲ. ಯಾರಾದರೂ ಹುಡುಕಿಕೊಂಡು ಬಂದರೆ ನಾನು ಸಿಗಬೇಕಲ್ಲ.